ವೈಶಾಖದ ಕೇದಾರಯಾತ್ರೆಗೆ ಕಟ್ಟಿದ ಐದು ಚೀಲಗಳು: ಒಂದು ಪ್ರಕರಣ ಅಧ್ಯಯನ

ಶಿವಮೊಗ್ಗದ ನಮ್ಮ ಮನೆಯಿಂದ ಐದು ಮಂದಿ ಕೇದಾರನಾಥ ಮತ್ತು ಬದರಿನಾಥಕ್ಕೆ ಹೋಗಿಬಂದ ಹತ್ತು ದಿನಗಳ ಯಾತ್ರೆಯಲ್ಲಿ ಸಾಮಾನು ಕಟ್ಟುವ ಹೊಣೆಯನ್ನು ನಾನು ಹೊತ್ತುಕೊಂಡಿದ್ದೆ. ಹೊರಟವರು 67 ವರ್ಷದ ಅಪ್ಪ, 61 ವರ್ಷದ ಅಮ್ಮ, ಅಮ್ಮನ ಅಕ್ಕನಾದ 68 ವರ್ಷದ ದೊಡ್ಡಮ್ಮ, ತಮ್ಮ ಮತ್ತು ನಾನು. ಅಪ್ಪನಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ ಮಂಡಿನೋವು. ದೊಡ್ಡಮ್ಮ ಆರೋಗ್ಯವಾಗಿದ್ದರೂ ಜೀವಮಾನದಲ್ಲಿ ಸೀರೆ ಬಿಟ್ಟು ಬೇರೇನನ್ನೂ ಉಟ್ಟವರಲ್ಲ, ಚಪ್ಪಲಿ ಬಿಟ್ಟು ಬೂಟು ಮೆಟ್ಟಿದವರಲ್ಲ. ಒಂದೇ ಮನೆಯ ಐವರಾದರೂ ಚಳಿ ಮಳೆಗಳನ್ನು ತಾಳಿಕೊಳ್ಳುವ ಶಕ್ತಿ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇತ್ತು. ಇದನ್ನು ನಾನು ಹೊರಡುವ ಮುಂಚೆಯೇ ಬಲ್ಲವಳಾಗಿದ್ದೆ, ಆದರೆ ಚೀಲ ಕಟ್ಟುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದೇ ದಿನದಲ್ಲಿ ಬಿಸಿಲು, ಮಳೆ, ಆಲಿಕಲ್ಲು ಮತ್ತು ಹಿಮಗಾಳಿ ಎದುರಾಗುವ ದಾರಿಗೆ ಏನನ್ನು ಒಯ್ಯಬೇಕು, ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ನಡುದಾರಿಯಲ್ಲಿ ಮಾಡಿಕೊಂಡ ತಿದ್ದುಪಡಿಯನ್ನೂ ಇಲ್ಲಿ ದಾಖಲಿಸಿದ್ದೇನೆ.

ಕಾಲ ಮತ್ತು ಸ್ಥಳ

ಪಂಚಾಂಗದ ಲೆಕ್ಕಕ್ಕೆ ಚೈತ್ರ ವೈಶಾಖಗಳು ವಸಂತ ಋತು. ನಾವು ಹೊರಟದ್ದು ವೈಶಾಖ ಶುಕ್ಲಪಕ್ಷದ ಕೊನೆಯಲ್ಲಿ, ಕೇದಾರನಾಥದ ಬಾಗಿಲು ತೆರೆದು ಸುಮಾರು ಹತ್ತು ದಿನ ಕಳೆದ ಮೇಲೆ. ಬಾಗಿಲು ತೆರೆಯುವ ದಿನವನ್ನು ಪ್ರತಿ ವರ್ಷ ಮಹಾಶಿವರಾತ್ರಿಯಂದು, ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವ ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ ಪ್ರಕಟಿಸುತ್ತಾರೆ. ಬದರಿನಾಥದ ದಿನ ಅದಕ್ಕೂ ಮುಂಚೆ, ವಸಂತ ಪಂಚಮಿಯಂದೇ ಗೊತ್ತಾಗಿರುತ್ತದೆ. ದೊಡ್ಡಮ್ಮನವರಿಗೆ ಈ ಯಾತ್ರೆ ಬಹುಕಾಲದ ಹಂಬಲ. ಕೇದಾರನಾಥದ ರಾವಲರೂ, ಅಂದರೆ ಪ್ರಧಾನ ಅರ್ಚಕರೂ, ಅಲ್ಲಿ ಪೂಜೆ ನಡೆಸುವ ಅರ್ಚಕರೂ ಪರಂಪರೆಯಿಂದ ಹೆಚ್ಚಾಗಿ ಕರ್ನಾಟಕ ಮೂಲದ ವೀರಶೈವ ಜಂಗಮರು, ಊಖೀಮಠದ ಪೀಠ ಬಾಳೆಹೊನ್ನೂರಿನ ರಂಭಾಪುರಿ ಪೀಠದ ಹಾಗೆಯೇ ವೀರಶೈವರ ಪಂಚಪೀಠಗಳಲ್ಲಿ ಒಂದು. ಬಾಳೆಹೊನ್ನೂರಿಗೆ ನಡೆದುಕೊಳ್ಳುವ ನಮ್ಮ ದೊಡ್ಡಮ್ಮನಂಥವರಿಗೆ ಕೇದಾರವೆಂದರೆ ದೂರದ ಊರು ಎನ್ನಿಸುವುದೇ ಇಲ್ಲ. ಶಿವರಾತ್ರಿಯ ಮರುದಿನವೇ ಅವರು ಸೀರೆಗಳನ್ನು ಆರಿಸಿ ಮಡಚಿಡತೊಡಗಿದ್ದರು.

ಇಲ್ಲಿ ಮೊದಲ ಎಚ್ಚರಿಕೆಯ ಮಾತೊಂದಿದೆ. ಕೇದಾರನಾಥದ ಬಾಗಿಲು ತೆರೆದದ್ದು 2023ರಲ್ಲಿ ಏಪ್ರಿಲ್ 25ರಂದು, 2024ರಲ್ಲಿ ಮೇ 10ರಂದು, 2025ರಲ್ಲಿ ಮೇ 2ರಂದು. ಚಾಂದ್ರಮಾನದ ಲೆಕ್ಕದಲ್ಲಿ ದಿನ ಹೀಗೆ ಹದಿನೈದು ದಿನ ಹಿಂದೆ ಮುಂದೆ ಸರಿಯುವುದರಿಂದ, ‘ಬಾಗಿಲು ತೆರೆದ ವಾರವೇ ಹೋಗಿದ್ದೆವು, ಒಂದು ಸ್ವೆಟರ್ ಸಾಕಾಯಿತು’ ಎಂದು ಕಳೆದ ವರ್ಷ ಹೋಗಿಬಂದವರು ಹೇಳುವ ಮಾತು ಈ ವರ್ಷದವರಿಗೆ ಅನ್ವಯಿಸಬೇಕೆಂದಿಲ್ಲ. ಪಕ್ಕದ ಮನೆಯವರಿಂದ ನಾನು ಪಡೆದ ಪಟ್ಟಿ ಅಂಥದ್ದೇ ಆಗಿತ್ತು.

ಹರಿದ್ವಾರ ಸಮುದ್ರಮಟ್ಟದಿಂದ ಸುಮಾರು 314 ಮೀಟರ್ ಎತ್ತರದಲ್ಲಿದೆ, ಕೇದಾರನಾಥ 3,583 ಮೀಟರ್. ಸಾವಿರ ಮೀಟರ್ ಏರಿದಂತೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಹಿಡಿದರೆ, ಎರಡು ಊರುಗಳ ನಡುವೆ ಎತ್ತರ ಒಂದರಿಂದಲೇ ಸುಮಾರು 21 ಡಿಗ್ರಿ ವ್ಯತ್ಯಾಸ ಬೀಳುತ್ತದೆ. ಮೋಡ, ಮಳೆ ಮತ್ತು ಗಾಳಿ ಸೇರಿದರೆ ಮೈಗೆ ತಾಗುವ ಚಳಿ ಇನ್ನೂ ಹೆಚ್ಚು. ಇದರ ಜೊತೆಗೆ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪಶ್ಚಿಮದ ಗಾಳಿಯೊಡನೆ ಸಾಗಿಬರುವ ವಾಯುಭಾರ ಕುಸಿತಗಳು, ಅಂದರೆ ಹವಾಮಾನ ವರದಿಗಳಲ್ಲಿ ಪಶ್ಚಿಮದ ಕ್ಷೋಭೆ ಎಂದು ಕರೆಯುವಂಥವು, ಚಳಿಗಾಲ ಮುಗಿದ ಮೇಲೂ ಹಿಮಾಲಯದ ಈ ಭಾಗಕ್ಕೆ ಆಗಾಗ ಮಳೆ ಹಿಮಗಳನ್ನು ತರುತ್ತಲೇ ಇರುತ್ತವೆ. ಅವು ಇಲ್ಲದ ದಿನಗಳಲ್ಲೂ ಬೆಳಗಿನ ಬಿಸಿಲಿಗೆ ಕಣಿವೆಯ ಗಾಳಿ ಕಾದು ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಗುಡುಗು ಮಳೆಯಾಗುವುದು ಸಾಮಾನ್ಯ. ಬೆಳಿಗ್ಗೆ ಆರು ಗಂಟೆಯ ನಿರ್ಮಲ ಆಕಾಶ ಮಧ್ಯಾಹ್ನದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ನಾವು ಅನುಭವದಿಂದ ಕಲಿತೆವು.

ಶಿವಮೊಗ್ಗದಲ್ಲಿ ಕಟ್ಟಿದ ಗಂಟು

ಮೇ ತಿಂಗಳ ಸೆಕೆಯಲ್ಲಿ, ಫ್ಯಾನಿನ ಕೆಳಗೆ ಕುಳಿತು, ಬೆವರು ಒರೆಸಿಕೊಳ್ಳುತ್ತಾ ಉಣ್ಣೆಯ ಟೋಪಿ ಮಡಚಿಡುವುದು ವಿಚಿತ್ರವಾದ ಕೆಲಸ. ಮೈಗೆ ಆಗ ಚಳಿಯ ನೆನಪೇ ಇರುವುದಿಲ್ಲವಾದ್ದರಿಂದ ಮನಸ್ಸು ಎರಡು ಬಗೆಯಲ್ಲಿ ತಪ್ಪುತ್ತದೆ. ಇಷ್ಟೆಲ್ಲ ಬೇಕೇ ಎಂದು ಕೈಬಿಡುವುದು ಒಂದು ಬಗೆಯಾದರೆ, ಭಯದಿಂದ ಸಿಕ್ಕಿದ್ದನ್ನೆಲ್ಲ ತುಂಬುವುದು ಇನ್ನೊಂದು. ನಾನು ಎರಡನೆಯದನ್ನು ಮಾಡಿದೆ. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ತಲೆಗೆ 15 ಕಿಲೋ ಒಯ್ಯಲು ಅವಕಾಶವಿದ್ದ ಕಾರಣ, ಅವಕಾಶವಿರುವುದನ್ನೆಲ್ಲ ಬಳಸಿಕೊಳ್ಳಬೇಕೆಂಬಂತೆ ಐದು ಚೀಲಗಳಲ್ಲಿ ಒಟ್ಟು 58 ಕಿಲೋ ತುಂಬಿದೆ.

ತೂಕಕ್ಕಿಂತ ದೊಡ್ಡ ತಪ್ಪು ಹಂಚಿಕೆಯಲ್ಲಿತ್ತು. ಹುಡುಕಲು ಸುಲಭವಾಗಲೆಂದು ನಾನು ಸಾಮಾನುಗಳನ್ನು ಜಾತಿವಾರು ವಿಂಗಡಿಸಿದ್ದೆ. ಐವರ ಮಳೆ ಅಂಗಿಗಳೂ ಕೊಡೆಗಳೂ ತಮ್ಮನ ಬೆನ್ನುಚೀಲದಲ್ಲಿ, ಎಲ್ಲರ ಔಷಧಿಗಳು, ಸಕ್ಕರೆ ನೋಡುವ ಯಂತ್ರ ಮತ್ತು ತಿಂಡಿ ನನ್ನ ಚೀಲದಲ್ಲಿ, ಉಣ್ಣೆಬಟ್ಟೆಗಳು ಒಂದು ದೊಡ್ಡ ಚೀಲದಲ್ಲಿ, ಉಳಿದ ಉಡುಪುಗಳು ಇನ್ನೆರಡರಲ್ಲಿ. ಮನೆಯ ಅಡುಗೆಕೋಣೆಯನ್ನು ಇಟ್ಟುಕೊಳ್ಳುವ ಕ್ರಮ ಇದು. ಡಬ್ಬಿಗಳು ಒಂದೆಡೆ, ಪಾತ್ರೆಗಳು ಒಂದೆಡೆ. ಚೀಟಿ ಅಂಟಿಸಿದ ಆ ಚೀಲಗಳನ್ನು ನೋಡಿ ಮನೆಯವರೆಲ್ಲ ಮೆಚ್ಚಿಕೊಂಡರು, ನನಗೂ ತೃಪ್ತಿಯಾಗಿತ್ತು.

ಕೆಲವು ಆಯ್ಕೆಗಳು ಸರಿಯಾಗಿದ್ದವು, ಅವನ್ನೂ ಹೇಳಬೇಕು. ದೊಡ್ಡಮ್ಮನವರಿಗೆ ಒಂದು ತಿಂಗಳು ಮುಂಚೆಯೇ ಬೂಟು ಕೊಡಿಸಿ, ದಿನವೂ ಸಂಜೆ ಅದನ್ನು ಹಾಕಿಕೊಂಡೇ ದೇವಸ್ಥಾನದವರೆಗೆ ನಡೆಸಿದ್ದೆವು. ಹೊಸ ಬೂಟನ್ನು ಯಾತ್ರೆಯ ದಿನವೇ ಹಾಕಿಕೊಂಡು ಹಿಮ್ಮಡಿಯಲ್ಲಿ ಬೊಕ್ಕೆ ಎಬ್ಬಿಸಿಕೊಂಡವರನ್ನು ದಾರಿಯುದ್ದಕ್ಕೂ ಕಂಡೆವು. ಅವರ ಸೀರೆಯ ಸಮಸ್ಯೆಯನ್ನು ಬಗೆಹರಿಸಿದ್ದು ಹೀಗೆ: ಲಂಗದ ಒಳಗೆ ಕಣಕಾಲಿನವರೆಗೆ ಬರುವ ಥರ್ಮಲ್ ಚಲ್ಲಣ, ರವಿಕೆಯ ಒಳಗೆ ಅಂಥದೇ ತುಂಬುತೋಳಿನ ಒಳಂಗಿ, ಮೇಲೆ ಹತ್ತಿಯ ಸೀರೆಯ ಬದಲು ಬೇಗ ಒಣಗುವ ಸಿಂಥೆಟಿಕ್ ಸೀರೆ, ಅದನ್ನು ಕಣಕಾಲಿಗಿಂತ ನಾಲ್ಕು ಬೆರಳು ಮೇಲೆ ಉಡುವುದು. ಮೊದಲು ಅವರು ಒಪ್ಪಲಿಲ್ಲ. ‘ಹತ್ತಿ ಸೀರೆ ಮೈಗೆ ಹಿತ ಕಣೇ, ಇದು ಜಾರುತ್ತೆ’ ಎಂದರು. ಒಂದು ಹತ್ತಿ ಸೀರೆಯನ್ನೂ ಒಂದು ಸಿಂಥೆಟಿಕ್ ಸೀರೆಯನ್ನೂ ಒಟ್ಟಿಗೆ ನೆನೆಸಿ ಹಿಂಡಿ ನೆರಳಿನಲ್ಲಿ ಒಣಹಾಕಿ, ಒಂದೂವರೆ ಗಂಟೆಯ ಮೇಲೆ ಎರಡನ್ನೂ ಅವರ ಕೈಗೆ ಕೊಟ್ಟೆ. ಹತ್ತಿಯದರ ಅಂಚು ಇನ್ನೂ ತಣ್ಣಗೆ ಹಸಿಯಾಗಿತ್ತು, ಇನ್ನೊಂದು ಬಹುಮಟ್ಟಿಗೆ ಒಣಗಿತ್ತು. ಅಂದಿನಿಂದ ಅವರೇ ಉಳಿದ ಇಬ್ಬರು ಹಿರಿಯರಿಗೂ ಹತ್ತಿ ಬೇಡವೆಂದು ಹೇಳತೊಡಗಿದರು.

ಅಪ್ಪನ ಇನ್ಸುಲಿನ್ ವಿಷಯದಲ್ಲಿ ವೈದ್ಯರನ್ನು ಮುಂಚಿತವಾಗಿ ಕೇಳಿದ್ದು ಒಳ್ಳೆಯದಾಯಿತು. ಬಳಸುತ್ತಿರುವ ಪೆನ್ನನ್ನು 30 ಡಿಗ್ರಿ ಮೀರದ ಕಡೆ ಇಟ್ಟುಕೊಂಡರೆ ಸಾಮಾನ್ಯವಾಗಿ ನಾಲ್ಕು ವಾರ ಹಾಳಾಗುವುದಿಲ್ಲ. ಆದರೆ ಹರಿದ್ವಾರದ ಹಗಲು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಕೇದಾರದ ರಾತ್ರಿಯಲ್ಲಿ ಇದಕ್ಕೆ ವಿರುದ್ಧವಾದ ಅಪಾಯವಿದೆ, ಏಕೆಂದರೆ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಬರುವುದಿಲ್ಲ, ಬಿಸಾಡಲೇಬೇಕು. ಆದ್ದರಿಂದ ಕೆಳಗಿನ ಊರುಗಳಲ್ಲಿ ನೀರಿನಲ್ಲಿ ನೆನೆಸಿ ಬಳಸುವ, ಆವಿಯಾಗುವಿಕೆಯಿಂದ ತಂಪಾಗುವ ಪುಟ್ಟ ಚೀಲವನ್ನೂ, ಮೇಲೆ ಹೋದಾಗ ಒಳಂಗಿಗೆ ಹೊಲಿಸಿದ ಜೇಬನ್ನೂ ಬಳಸುವುದೆಂದು ನಿರ್ಧರಿಸಿದೆವು. ಒಂದೇ ಔಷಧಿಯನ್ನು ಮೂರು ದಿನದೊಳಗೆ ಒಮ್ಮೆ ಬಿಸಿಯಿಂದ, ಒಮ್ಮೆ ಚಳಿಯಿಂದ ಕಾಪಾಡಬೇಕಾಗಿ ಬಂದದ್ದು ನನಗೆ ಆ ಹವೆಯ ಸ್ವರೂಪವನ್ನು ಯಾವ ವರದಿಗಿಂತಲೂ ಚೆನ್ನಾಗಿ ತಿಳಿಸಿತು.

ಕೊಡೆಯ ಮಾತು ಬೇರೆ. ಮಲೆನಾಡಿನವರಾದ ನಮಗೆ ಮಳೆ ಹೊಸದಲ್ಲ, ಕೊಡೆ ಇಲ್ಲದೆ ಮನೆಯಿಂದ ಹೊರಟು ಗೊತ್ತಿಲ್ಲ. ಆದ್ದರಿಂದ ಐದು ಕೊಡೆಗಳನ್ನು ಒಯ್ದೆವು. ಕುದುರೆಯ ಮೇಲೆ ಕುಳಿತವರು ಕೊಡೆ ಬಿಡಿಸುವಂತಿಲ್ಲ, ಪ್ರಾಣಿ ಬೆದರುತ್ತದೆ. ಜನ, ಕುದುರೆ, ಡೋಲಿ ಎಲ್ಲವೂ ಒತ್ತಾಗಿ ಸಾಗುವ ಕಿರಿದಾದ ದಾರಿಯಲ್ಲಿ ನಡೆಯುವವರಿಗೂ ಅದರಿಂದ ಅಡಚಣೆ. ಐದರಲ್ಲಿ ಒಂದೂ ಬಿಚ್ಚಿಕೊಳ್ಳದೆ ಶಿವಮೊಗ್ಗಕ್ಕೆ ಹಿಂದಿರುಗಿದವು. ನಮ್ಮ ಮಳೆಗೂ ಅಲ್ಲಿಯ ಮಳೆಗೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ನೆನೆದರೆ ಒಲೆಯ ಮುಂದೆ ಕುಳಿತು ಮೈ ಒಣಗಿಸಿಕೊಂಡರಾಯಿತು, ಅಲ್ಲಿ ನೆನೆದ ಬಟ್ಟೆ ಮೈಯ ಶಾಖವನ್ನು ಹೀರುತ್ತಾ ಹೋಗುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶಾಖವನ್ನು ಸೆಳೆದುಕೊಳ್ಳುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದರೂ ಅದರ ಅರ್ಥ ಆಗಿದ್ದು ಅಲ್ಲಿಯೇ.

ಹರಿದ್ವಾರದಿಂದ ಗುಪ್ತಕಾಶಿಗೆ ಏರುವ ಒಂದೇ ದಿನದ ದಾರಿಯಲ್ಲಿ ಸಾಮಾನುಗಳೇ ಹವೆಯ ಬದಲಾವಣೆಯನ್ನು ತೋರಿಸತೊಡಗಿದ್ದವು. ದೇವಪ್ರಯಾಗದ ಬಳಿ ಅಮ್ಮನ ತೆಂಗಿನೆಣ್ಣೆಯ ಬಾಟಲಿ ನೀರಿನಂತೆ ತಿಳಿಯಾಗಿತ್ತು, ಗುಪ್ತಕಾಶಿಯ ಮರುದಿನದ ಬೆಳಿಗ್ಗೆ ಅದು ಮೇಣದಂತೆ ಬಿಳಿಯಾಗಿ ಗಟ್ಟಿಯಾಗಿ, ತಲೆಕೆಳಗು ಮಾಡಿದರೂ ಒಂದು ಹನಿ ಬೀಳಲಿಲ್ಲ. ಮನೆಯಲ್ಲಿ ಸೀಲು ಮಾಡಿಸಿದ್ದ ಚಟ್ನಿಪುಡಿಯ ಪೊಟ್ಟಣ ಹೊರಗಿನ ಗಾಳಿಯ ಒತ್ತಡ ಕಡಿಮೆಯಾದಂತೆ ಪೂರಿಯ ಹಾಗೆ ಉಬ್ಬಿತ್ತು.

ಕೇದಾರದ ದಿನ

ಖಾಸಗಿ ವಾಹನಗಳು ಸೋನ್‌ಪ್ರಯಾಗದವರೆಗೆ ಮಾತ್ರ. ಅಲ್ಲಿಂದ ಸುಮಾರು 5 ಕಿಲೋಮೀಟರ್ ಆಚೆಯ ಗೌರಿಕುಂಡಕ್ಕೆ ಸ್ಥಳೀಯ ಜೀಪುಗಳಲ್ಲಿ ಹೋಗಬೇಕು. ಗೌರಿಕುಂಡದಿಂದ ಕೇದಾರಕ್ಕೆ 16 ಕಿಲೋಮೀಟರ್ ಕಾಲುದಾರಿ. 2013ರ ಜೂನ್ ಪ್ರವಾಹದಲ್ಲಿ ರಾಮಬಾಡ ಎಂಬ ತಂಗುದಾಣವೇ ಕೊಚ್ಚಿಹೋದ ಮೇಲೆ, ದಾರಿ ಮಂದಾಕಿನಿಯನ್ನು ದಾಟಿ ಆಚೆಯ ದಡದಲ್ಲಿ ಏರುವಂತೆ ಹೊಸದಾಗಿ ನಿರ್ಮಿಸಿದ್ದಾರೆ. ಹಿರಿಯರು ಮೂವರಿಗೂ ಕುದುರೆ ಗೊತ್ತುಮಾಡಿ, ಸಾಲಿನಲ್ಲಿ ನಿಂತು, ಅವರನ್ನು ಹತ್ತಿಸಿ ಕಳುಹಿಸುವಾಗ ಗಂಟೆ ಒಂಬತ್ತಾಗಿತ್ತು. ಬಿಸಿಲು ಚುರುಕಾಗಿತ್ತು. ಅಮ್ಮ ಹೆಗಲ ಮೇಲಿನ ಶಾಲನ್ನೂ ತೆಗೆದು ನನ್ನ ಕೈಗೆ ಕೊಟ್ಟರು. ತಮ್ಮನೂ ನಾನೂ ಚೀಲಗಳನ್ನು ಬೆನ್ನಿಗೆ ಹಾಕಿಕೊಂಡು ನಡೆಯತೊಡಗಿದೆವು.

ಐವರ ಮಳೆ ಅಂಗಿಗಳು ತಮ್ಮನ ಬೆನ್ನಿನಲ್ಲಿದ್ದವು, ಔಷಧಿಗಳು ನನ್ನ ಬೆನ್ನಿನಲ್ಲಿದ್ದವು, ಕುದುರೆಗಳು ನಮ್ಮ ಎರಡರಷ್ಟು ವೇಗದಲ್ಲಿ ಮುಂದೆ ಹೋಗುತ್ತಿದ್ದವು. ಇದರಲ್ಲಿ ಏನೋ ತಪ್ಪಿದೆ ಎಂದು ದಾರಿಯ ನಡುವಿನ ಭೀಮಬಲಿಯವರೆಗೆ ನನಗೆ ಹೊಳೆಯಲಿಲ್ಲ.

ಹನ್ನೆರಡು ಗಂಟೆಯ ಹೊತ್ತಿಗೆ ಮೇಲಿನ ಕಣಿವೆ ಕಪ್ಪಾಯಿತು. ಮೊದಲು ಗಾಳಿ, ಆಮೇಲೆ ಮಳೆ, ಆಮೇಲೆ ಸಬ್ಬಕ್ಕಿ ಗಾತ್ರದ ಆಲಿಕಲ್ಲು. ತಮ್ಮ ಚೀಲ ಬಿಚ್ಚಿ ತನ್ನದನ್ನೂ ನನ್ನದನ್ನೂ ಹೊರತೆಗೆದ. ಉಳಿದ ಮೂರು ಮಳೆ ಅಂಗಿಗಳು ಮಡಿಕೆ ಸಹ ಕೆಡದೆ ಒಳಗೆ ಉಳಿದಿದ್ದವು. ಅವನ್ನು ನೋಡಿದ ಕ್ಷಣದಲ್ಲಿ ಇಬ್ಬರೂ ಮಾತಾಡಲಿಲ್ಲ. ಮೊಬೈಲಿಗೆ ಸಂಕೇತ ಸಿಗುತ್ತಿರಲಿಲ್ಲ. ತಮ್ಮ ತನ್ನ ಚೀಲದೊಂದಿಗೆ ಓಡುನಡಿಗೆಯಲ್ಲಿ ಮುಂದೆ ಹೋದ.

ಮುಂದಿನದು ಅಮ್ಮ ಆಮೇಲೆ ಹೇಳಿದ್ದು. ಅವರು ಇನ್ನೂ ಮೇಲಿನ ಲಿಂಚೋಲಿ ಸಮೀಪಿಸುವಾಗ ಮಳೆ ಹಿಡಿಯಿತು. ಕುದುರೆಯವನು ಪಕ್ಕದ ಅಂಗಡಿಯೊಂದರಿಂದ ತೆಳು ಪ್ಲಾಸ್ಟಿಕ್ಕಿನ ಮಳೆ ಅಂಗಿಗಳನ್ನು ಕೊಡಿಸಿದ, ಆದರೆ ಅಷ್ಟರಲ್ಲಿ ಅಪ್ಪನ ಕೋಟು ನೆನೆದಾಗಿತ್ತು. ಆ ಕೋಟನ್ನು ನಾನೇ ಬಂಧುವೊಬ್ಬರಿಂದ ಕೇಳಿ ತಂದಿದ್ದೆ. ಎರಡು ಕಿಲೋ ತೂಗುವ, ಒಳಗೆ ಹತ್ತಿ ತುಂಬಿ ಹೊಲಿದ ದಪ್ಪ ಕೋಟು. ಒಣಗಿರುವಾಗ ಅದಕ್ಕಿಂತ ಬೆಚ್ಚನೆಯದು ಇಲ್ಲ, ನೆನೆದ ಮೇಲೆ ಅದು ಒದ್ದೆ ಹಾಸಿಗೆಯಂತೆ ಮೈಗೆ ಅಂಟಿಕೊಂಡು ಭಾರವಾಯಿತು. ಅದರ ಒಳಗಿದ್ದದ್ದು ಹತ್ತಿಯ ಬನಿಯನ್. ಬನಿಯನ್ನಿಗೆ ಬದಲಾಗಿ ಥರ್ಮಲ್ ಹಾಕಿಕೊಳ್ಳಲು ಅವರು ಒಪ್ಪಿರಲಿಲ್ಲ, ನಾನೂ ಬಲವಂತ ಮಾಡಿರಲಿಲ್ಲ.

ಕುದುರೆಯ ಮೇಲೆ ಅಲುಗಾಡದೆ ಕುಳಿತವರ ಮೈ ನಡೆಯುವವರ ಮೈಯಷ್ಟು ಶಾಖ ಹುಟ್ಟಿಸುವುದಿಲ್ಲ. ಅದೇ ಮಳೆಯಲ್ಲಿ, ಅದೇ ಗಾಳಿಯಲ್ಲಿ, ಚೀಲ ಹೊತ್ತು ಏರುತ್ತಿದ್ದ ನಾನು ಒಳಗಿಂದ ಬೆವರುತ್ತಿದ್ದೆ. ಅಪ್ಪ ಮಾತ್ರ ಗಡಗಡ ನಡುಗತೊಡಗಿದರು. ಬೆರಳು ಮರಗಟ್ಟಿ ಕುದುರೆಯ ಹಿಡಿಕೆ ಹಿಡಿಯಲಾಗಲಿಲ್ಲ, ಮಾತು ತೊದಲಿತು. ಅಮ್ಮನಿಗೆ ದೊಡ್ಡ ಗೊಂದಲವಾದದ್ದು ಇಲ್ಲಿಯೇ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗಲೂ ನಡುಕ ಬರುತ್ತದೆ, ಮಾತು ತಡವರಿಸುತ್ತದೆ. ಅಂದು ಬೆಳಿಗ್ಗೆ ಅವರು ಎಂದಿನಂತೆ ಇನ್ಸುಲಿನ್ ತೆಗೆದುಕೊಂಡು, ದಾರಿಯಲ್ಲಿ ಶೌಚಕ್ಕೆ ತೊಂದರೆಯಾದೀತೆಂದು ಅರ್ಧ ಪರೋಟ ಮಾತ್ರ ತಿಂದಿದ್ದರು. ನಡುಕ ಚಳಿಯದ್ದೋ ಸಕ್ಕರೆ ಇಳಿದದ್ದೋ ಎಂದು ತಿಳಿಯಲು ಬೇಕಾದ ಯಂತ್ರ ನನ್ನ ಚೀಲದಲ್ಲಿತ್ತು, ನಾನು ಗಂಟೆಗಟ್ಟಲೆ ಹಿಂದಿದ್ದೆ. ಅಮ್ಮನ ಸೆರಗಿನ ತುದಿಯಲ್ಲಿ ಹರಿದ್ವಾರದ ಗುಡಿಯೊಂದರಲ್ಲಿ ಪ್ರಸಾದವಾಗಿ ಕೊಟ್ಟಿದ್ದ ಕಲ್ಲುಸಕ್ಕರೆಯ ಗಂಟಿತ್ತು. ಯೋಚಿಸದೆ ಅದನ್ನೇ ಬಾಯಿಗೆ ಹಾಕಿದರು. ಕುದುರೆಯವರು ಅಪ್ಪನನ್ನು ಹತ್ತಿರದ ವೈದ್ಯಕೀಯ ನೆರವು ಕೇಂದ್ರಕ್ಕೆ ಇಳಿಸಿಕೊಂಡು ಹೋದರು. ಅಲ್ಲಿಯವರು ಒದ್ದೆ ಬಟ್ಟೆಗಳನ್ನೆಲ್ಲ ತೆಗೆಸಿ, ಕಂಬಳಿ ಹೊದಿಸಿ, ಸಿಹಿಯಾದ ಬಿಸಿ ಚಹಾ ಕುಡಿಸಿ, ರಕ್ತ ಪರೀಕ್ಷಿಸಿದಾಗ ಸಕ್ಕರೆ 68 ಇತ್ತು. 70ಕ್ಕಿಂತ ಕಡಿಮೆಯಾದರೆ ಅದು ಇಳಿದಿದೆ ಎಂದೇ ಅರ್ಥ. ಅಂದರೆ ಚಳಿಯೂ ನಿಜವಾಗಿತ್ತು, ಸಕ್ಕರೆ ಇಳಿದದ್ದೂ ನಿಜವಾಗಿತ್ತು.

ತಮ್ಮ ಅಲ್ಲಿಗೆ ತಲುಪಿದಾಗ ಅಪ್ಪ ಎದ್ದು ಕುಳಿತಿದ್ದರು. ನಾನು ತಲುಪಿದ್ದು ಅದಕ್ಕೂ ಮುಕ್ಕಾಲು ಗಂಟೆ ತಡವಾಗಿ. ಚೀಲದಿಂದ ಯಂತ್ರ ತೆಗೆದು ಮತ್ತೊಮ್ಮೆ ನೋಡೋಣವೆಂದರೆ ಪರದೆಯ ಮೇಲೆ ಅಂಕಿಯ ಬದಲು ತಾಪಮಾನದ ಚಿಹ್ನೆ ಮೂಡಿತು. ಇಂಥ ಯಂತ್ರಗಳು ಸಾಮಾನ್ಯವಾಗಿ 10 ಡಿಗ್ರಿಗಿಂತ ಕೆಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಚೀಲದ ಹೊರಜೇಬಿನಲ್ಲಿಟ್ಟಿದ್ದರಿಂದ ಅದು ತಣ್ಣಗೆ ಕೊರೆಯುತ್ತಿತ್ತು. ಅಂಗಿಯೊಳಗೆ ಹತ್ತು ನಿಮಿಷ ಇಟ್ಟುಕೊಂಡ ಮೇಲೆ ಅದು 131 ತೋರಿಸಿತು. ಆ ಹತ್ತು ನಿಮಿಷ ನನ್ನ ಎದೆಗೆ ತಾಗುತ್ತಿದ್ದ ಆ ಪುಟ್ಟ ಯಂತ್ರದ ತಣ್ಣನೆಯ ಅಂಚು ಇಂದಿಗೂ ನೆನಪಿದೆ.

ಅಪ್ಪ ಚೇತರಿಸಿಕೊಂಡ ಮೇಲೆ, ಕೇಂದ್ರದ ವೈದ್ಯರ ಒಪ್ಪಿಗೆ ಪಡೆದು, ಒಣ ಬಟ್ಟೆ ಹಾಕಿಸಿ ಸಂಜೆಯ ವೇಳೆಗೆ ಕೇದಾರ ತಲುಪಿದೆವು. ಮರುದಿನ ನಸುಕಿನಲ್ಲಿ ಆಕಾಶ ತೊಳೆದಿಟ್ಟಂತಿತ್ತು. ದರ್ಶನ ಚೆನ್ನಾಗಿ ಆಯಿತು. ಇಳಿದು ಗುಪ್ತಕಾಶಿಗೆ ಬಂದು ಒಂದಿಡೀ ದಿನ ನಿಂತೆವು.

ಗುಪ್ತಕಾಶಿಯ ಕೋಣೆಯಲ್ಲಿ ಮರುಹಂಚಿಕೆ

ಅಂದು ಮಧ್ಯಾಹ್ನ ಐದು ಚೀಲಗಳನ್ನೂ ಮಂಚದ ಮೇಲೆ ಸುರಿದು ಮೊದಲಿನಿಂದ ಕಟ್ಟಿದೆವು. ಈ ಬಾರಿ ವಸ್ತುವಿನ ಜಾತಿಯ ಪ್ರಕಾರ ಅಲ್ಲ, ವ್ಯಕ್ತಿಯ ಪ್ರಕಾರ. ಒಬ್ಬೊಬ್ಬರ ಹೆಗಲಿಗೂ ಅವರವರೇ ಹೊರಬಲ್ಲ, ಕುದುರೆಯ ಮೇಲೂ ಮಡಿಲಲ್ಲಿಟ್ಟುಕೊಳ್ಳಬಲ್ಲ ಒಂದು ಸಣ್ಣ ಚೀಲ. ಅದರೊಳಗಿನ ವಸ್ತುಗಳು ಬೇರೆ ಯಾರೂ ಹತ್ತಿರವಿಲ್ಲದಿದ್ದರೂ ಆರು ಗಂಟೆಗಳ ಕಾಲ ಅವರನ್ನು ಒಣಗಿಸಿಟ್ಟು, ಬೆಚ್ಚಗಿಟ್ಟು, ಹೊಟ್ಟೆಗೆ ಆಧಾರ ಕೊಡಬೇಕು. ಇದೊಂದೇ ಅಳತೆಗೋಲು. ಉಳಿದದ್ದೆಲ್ಲ ದೊಡ್ಡ ಚೀಲದಲ್ಲಿ ವಾಹನದಲ್ಲೇ ಇರಬಹುದು.

ಪ್ರತಿಯೊಂದು ಸಣ್ಣ ಚೀಲದ ಬಾಯಲ್ಲೇ, ಕೈ ಹಾಕಿದ ಕೂಡಲೇ ಸಿಗುವಂತೆ ಮಳೆ ಅಂಗಿ. ಅಂಗಿ ಮತ್ತು ಪ್ಯಾಂಟು ಬೇರೆ ಬೇರೆ ಇರುವಂಥದು ತಮ್ಮನಿಗೂ ನನಗೂ ಸರಿ. ಸೀರೆಯುಟ್ಟ ಇಬ್ಬರಿಗೂ, ಕುದುರೆಯ ಮೇಲೆ ಕೂರುವ ಅಪ್ಪನಿಗೂ ತಲೆಯಿಂದ ಮಂಡಿಯ ಕೆಳಗಿನವರೆಗೆ ಇಳಿಬೀಳುವ ಪಾಂಚೊ ಉತ್ತಮವೆಂದು ಅಲ್ಲಿಯ ಅಂಗಡಿಯಲ್ಲಿ ಮೂರನ್ನು ಕೊಂಡೆವು. ಅದನ್ನು ಹಾಕಿಕೊಂಡು ನೋಡಿದ ಅಪ್ಪ, ‘ಇದು ನಮ್ಮ ಕಂಬಳಿಕೊಪ್ಪೆಯೇ ಅಲ್ವೇನಮ್ಮ’ ಎಂದರು. ನಿಜ. ಆಷಾಢದ ನಾಟಿಯ ಹೊತ್ತಿನಲ್ಲಿ ನಮ್ಮ ಅಜ್ಜ ಕಂಬಳಿಯನ್ನು ಮೂಲೆಗೆ ಮಡಚಿ ತಲೆಯ ಮೇಲೆ ಕೊಪ್ಪೆಯಾಗಿ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದರು. ಅದು ತಲೆ, ಬೆನ್ನು ಮತ್ತು ಬೆನ್ನಮೇಲಿನ ಹೊರೆ ಮೂರನ್ನೂ ಮುಚ್ಚುತ್ತಿತ್ತು, ಉಣ್ಣೆಯಾದ್ದರಿಂದ ಹೊರಗೆ ನೆನೆದರೂ ಒಳಗೆ ಬೆಚ್ಚಗೆ ಉಳಿಯುತ್ತಿತ್ತು. ಮಳೆ ಚಳಿಗಳಿಗೆ ಏನು ಬೇಕೆಂಬ ತಿಳಿವಳಿಕೆ ನಮ್ಮ ಮನೆಯಲ್ಲೇ ಇತ್ತು, ನಾನು ಅದನ್ನು ಬಿಟ್ಟು ಕೊಡೆ ತುಂಬಿಕೊಂಡು ಬಂದಿದ್ದೆ.

ಹತ್ತಿಯ ಕೋಟು ದೊಡ್ಡ ಚೀಲದ ತಳ ಸೇರಿತು. ಅದರ ಜಾಗಕ್ಕೆ ಒಂದು ಥರ್ಮಲ್ ಒಳಂಗಿ, ಅದರ ಮೇಲೆ ತೆಳುವಾದ ಎರಡು ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ ನೀರು ತಡೆಯುವ ಹೊದಿಕೆ. ತೆಳುವಾದ ಎರಡು ಪದರಗಳಿದ್ದರೆ ಏರುವಾಗ ಒಂದನ್ನು ತೆಗೆಯಬಹುದು, ಕುಳಿತಾಗ ಹಾಕಿಕೊಳ್ಳಬಹುದು. ದಪ್ಪನೆಯ ಒಂದೇ ಕೋಟಿಗೆ ಇರುವುದು ಎರಡೇ ಸ್ಥಿತಿ, ಮೈಮೇಲೆ ಇರುವುದು ಅಥವಾ ಇಲ್ಲದಿರುವುದು. ನಡೆಯುವವರು ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಹಾಕಿಕೊಳ್ಳಬೇಕು, ಇಲ್ಲವಾದರೆ ಬೆವರಿನಿಂದಲೇ ನೆನೆಯುತ್ತಾರೆ. ಕುದುರೆ, ಡೋಲಿಗಳಲ್ಲಿ ಹೋಗುವವರು ಬಿಸಿಲಿದ್ದರೂ ಒಂದು ಪದರ ಹೆಚ್ಚೇ ಹಾಕಿಕೊಂಡು ಹೊರಡಬೇಕು. ಒಂದೇ ಮನೆಯವರಿಗೆ ಒಂದೇ ಹೊತ್ತಿನಲ್ಲಿ ಎರಡು ಬೇರೆ ಉಡುಪಿನ ಕ್ರಮ ಬೇಕೆಂಬುದು ನಾನು ಪಡೆದಿದ್ದ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಕಾಲುಚೀಲದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ನೆನೆದ ದಿನ ಅತ್ಯಂತ ದೊಡ್ಡ ಸಮಾಧಾನ ಅದರಿಂದಲೇ ಸಿಗುತ್ತದೆ. ಬೂಟು ಎಂಥದೇ ಇರಲಿ, ಕುದುರೆಯ ಲದ್ದಿ ಮತ್ತು ಮಳೆನೀರು ಕಲಸಿ ಹರಿಯುವ ಆ ಕಲ್ಲುದಾರಿಯಲ್ಲಿ ಒಳಗೆ ನೀರು ಬಂದೇ ಬರುತ್ತದೆ. ಆದ್ದರಿಂದ ಒಬ್ಬೊಬ್ಬರ ಸಣ್ಣ ಚೀಲದಲ್ಲೂ ಒಂದು ಜೊತೆ ಉಣ್ಣೆಯ ಕಾಲುಚೀಲವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟೆವು. ತಂಗುವ ಕೋಣೆ ತಲುಪುವವರೆಗೂ ಅದನ್ನು ತೆಗೆಯಕೂಡದೆಂಬ ನಿಯಮ ಮಾಡಿದೆವು. ಖಾಲಿಯಾದ ಪ್ಲಾಸ್ಟಿಕ್ ಚೀಲವನ್ನು ಒಣ ಕಾಲುಚೀಲದ ಮೇಲೆ ಹಾಕಿ ಒದ್ದೆ ಬೂಟಿನೊಳಗೆ ಕಾಲಿಟ್ಟರೆ ಇನ್ನೊಂದು ಗಂಟೆ ನಡೆಯಬಹುದು. ರಾತ್ರಿ ಬೂಟಿನೊಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ತುರುಕಿದರೆ ತೇವವನ್ನು ಅದು ಹೀರುತ್ತದೆ. ಬೆನ್ನುಚೀಲದ ಮೇಲೆ ಹಾಕುವ ಹೊದಿಕೆ ಗಾಳಿಗೆ ಎದ್ದುಹೋಗುತ್ತಿದ್ದುದರಿಂದ, ಚೀಲದ ಒಳಗೇ ಒಂದು ದೊಡ್ಡ ಕಸದ ಕವರನ್ನು ಅಸ್ತರಿಯಂತೆ ಹಾಕಿ ಅದರೊಳಗೆ ಬಟ್ಟೆ ಇಟ್ಟೆವು. ಅದು ಕೊನೆಯವರೆಗೂ ಸೋರಲಿಲ್ಲ.

ಅಪ್ಪನ ಇನ್ಸುಲಿನ್, ಸಕ್ಕರೆ ನೋಡುವ ಯಂತ್ರ, ಪಟ್ಟಿಗಳು ಅವರ ಒಳಜೇಬಿಗೆ ಬಂದವು. ಗ್ಲೂಕೋಸ್ ಪುಡಿಯ ಒಂದು ಪೊಟ್ಟಣ ಅವರ ಬಳಿ, ಇನ್ನೊಂದು ಅಮ್ಮನ ಬಳಿ. ಅವರ ಕಾಯಿಲೆ, ಔಷಧಿ ಮತ್ತು ಪ್ರಮಾಣವನ್ನು ಹಿಂದಿಯಲ್ಲಿ ಬರೆದ ಒಂದು ಚೀಟಿಯನ್ನು ಯಾತ್ರೆಯ ನೋಂದಣಿ ಪತ್ರದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೊರಳಿಗೆ ಹಾಕಿದೆವು. ತಿಂಡಿಯನ್ನೂ ಐದು ಪಾಲು ಮಾಡಿದೆವು: ಕಡಲೆಬೀಜದ ಚಿಕ್ಕಿ, ಒಣಖರ್ಜೂರ, ಕೋಡುಬಳೆ. ಅವಲಕ್ಕಿ ಮನೆಯಿಂದ ತಂದಿದ್ದು ಒಳ್ಳೆಯದಾಗಿತ್ತು. ಆ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಅನ್ನ ಬೇಳೆ ಬೇಯುವುದು ತಡ, ಅವಲಕ್ಕಿಗೆ ಬಿಸಿನೀರು ಸಾಕು. ಇನ್ನು ಟೋಪಿ, ಕೈಗವಸು, ತುಟಿಗೆ ಹಚ್ಚುವ ಮುಲಾಮು, ಬಿಸಿಲಿನ ಕನ್ನಡಕ, ಟಾರ್ಚು ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವೇ. ಕನ್ನಡಕವನ್ನು ಮಾತ್ರ ಅಲಂಕಾರವೆಂದು ಬಿಡಬಾರದು. ಹೊಸ ಹಿಮದ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಎಷ್ಟು ಚುಚ್ಚುತ್ತದೆಂಬುದನ್ನು ದರ್ಶನದ ಬೆಳಿಗ್ಗೆ ದೊಡ್ಡಮ್ಮ ಕಂಡುಕೊಂಡಿದ್ದರು.

ಬೇಡವಾದದ್ದರ ಗುಡ್ಡೆಯೂ ಸಣ್ಣದಾಗಿರಲಿಲ್ಲ. ಕೊಡೆಗಳು, ನಾಲ್ಕು ಹಾಸುಬಟ್ಟೆಗಳು, ದೊಡ್ಡಮ್ಮನ ನಾಲ್ಕು ಸೀರೆಗಳು, ತಮ್ಮನ ಎರಡು ಜೀನ್ಸ್, ಎರಡನೆಯ ಜೊತೆ ಬೂಟುಗಳು. ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ವಸತಿಗೃಹದಲ್ಲಿದ್ದ ತೂಕದ ಕೊಕ್ಕೆಗೆ ಸಿಕ್ಕಿಸಿದಾಗ 19 ಕಿಲೋ ಇತ್ತು. ನಾವು ಹೊತ್ತು ತಂದದ್ದರಲ್ಲಿ ಮೂರನೆಯ ಒಂದು ಭಾಗ ಹೀಗೆ ಅಲುಗಾಡದೆ ಮಲಗಿತ್ತು, ಬೇಕಾದದ್ದು ಬೇಕಾದವರ ಹತ್ತಿರ ಇರಲಿಲ್ಲ.

ಬದರಿಯಲ್ಲಿ

ಎರಡು ದಿನಗಳ ಮೇಲೆ ಜೋಶಿಮಠದ ದಾರಿಯಾಗಿ ಬದರಿನಾಥಕ್ಕೆ ಹೋದೆವು. ಸುಮಾರು 3,100 ಮೀಟರ್ ಎತ್ತರದ ಊರಾದರೂ ಅಲ್ಲಿಗೆ ವಾಹನ ನೇರವಾಗಿ ಹೋಗುವುದರಿಂದ ಜನ ಕೇದಾರದಷ್ಟು ಎಚ್ಚರ ವಹಿಸುವುದಿಲ್ಲ. ವಾಹನದ ಬೆಚ್ಚಗಿನಲ್ಲಿ ಕುಳಿತು ಬಂದವರು ಹಾಗೆಯೇ ಇಳಿದು ದೇವಸ್ಥಾನದ ಕಡೆ ನಡೆದುಬಿಡುತ್ತಾರೆ. ಅಲ್ಲಿಯ ತಪ್ತಕುಂಡದ ಬಿಸಿನೀರಿನಲ್ಲಿ ಮಿಂದು ಹೊರಬಂದವರ ಒದ್ದೆ ತಲೆಗೆ ಅಲಕನಂದೆಯ ಗಾಳಿ ತಾಗುವುದನ್ನು ನೆನೆಸಿಕೊಂಡು, ಒಣ ಟವೆಲು ಮತ್ತು ಉಣ್ಣೆಯ ಟೋಪಿಯನ್ನು ಹೆಂಗಸರ ಸಣ್ಣ ಚೀಲಗಳಿಗೆ ಸೇರಿಸಿದ್ದೆವು.

ದರ್ಶನದ ಸಾಲಿನಲ್ಲಿ ನಾವು ಒಟ್ಟಿಗೆ ಇರಲಾಗಲಿಲ್ಲ. ನೂಕುನುಗ್ಗಲಲ್ಲಿ ದೊಡ್ಡಮ್ಮ ಮತ್ತು ಅಪ್ಪ ಮುಂದೆ ಹೋದರು, ನಾವು ಮೂವರು ಹಿಂದೆ ಉಳಿದೆವು. ನಾಲ್ಕು ಗಂಟೆಗೆ ಮೋಡ ಇಳಿದು ಮಳೆಯೊಂದಿಗೆ ಹಿಮದ ತುಣುಕುಗಳು ಬೀಳತೊಡಗಿದವು. ನಾನು ಕುತ್ತಿಗೆ ಚಾಚಿ ಮುಂದೆ ನೋಡಿದಾಗ, ಸಾಲಿನ ಬಹುದೂರದಲ್ಲಿ ಎರಡು ನೀಲಿ ಪಾಂಚೊಗಳು ಆಗಲೇ ತಲೆಯ ಮೇಲೇರಿದ್ದವು. ಅರ್ಧ ಗಂಟೆಯ ಮೇಲೆ ನಾವು ಅವರನ್ನು ಸೇರಿದಾಗ ಅಪ್ಪ ಒಳಜೇಬಿನಿಂದ ಯಂತ್ರ ತೆಗೆದು ನೋಡಿಕೊಂಡಾಗಿತ್ತು. ‘ನೂರಾ ಹದಿನೆಂಟು’ ಎಂದರು. ದೊಡ್ಡಮ್ಮ ಮಂಟಪದ ಮೆಟ್ಟಿಲ ಮೇಲೆ ಕುಳಿತು, ಚಿಕ್ಕಿಯ ಒಂದು ತುಂಡನ್ನು ಬಾಯಲ್ಲಿಟ್ಟುಕೊಂಡು, ಕೋಣೆ ತಲುಪುವವರೆಗೂ ತೆಗೆಯಕೂಡದೆಂಬ ನಮ್ಮ ನಿಯಮವನ್ನು ಮುರಿದು, ಪ್ಲಾಸ್ಟಿಕ್ ಚೀಲದ ರಬ್ಬರ್ ಬ್ಯಾಂಡನ್ನು ಎಚ್ಚರಿಕೆಯಿಂದ ಬಿಡಿಸುತ್ತಿದ್ದರು. ಪಕ್ಕದಲ್ಲಿ ಒದ್ದೆ ಪಾದಗಳನ್ನು ಉಜ್ಜಿಕೊಳ್ಳುತ್ತಾ ಕುಳಿತಿದ್ದ, ಅವರಿಗೆ ಭಾಷೆ ತಿಳಿಯದ ಯಾವುದೋ ಊರಿನ ಮುದುಕಿಯೊಬ್ಬರ ಕೈಗೆ ಆ ಒಣ ಕಾಲುಚೀಲಗಳನ್ನು ಇಟ್ಟರು.